ಮಗ್ಗುಲಾಗಿ ನಿಂತ ಸಾವಂತ್ರವ್ವ

ನಮ್ಮೂರಲ್ಲಿ ಯಾರಿಗಾದರೂ ಹೊಟ್ಟೆನೋವು ಬಂದರೆ "ಏನು ತಿಂದೆ" ಎಂದು ಯಾರೂ ಕೇಳುವುದಿಲ್ಲ, "ಗೋಡೆಗೆ ಹೋಗಿದ್ದೆಯಾ" ಎಂದು ಕೇಳುತ್ತಾರೆ. ಹಳೆಯ ಹತ್ತಿ ವಖಾರಿಯ ಹಿಂದಿನ ಗೋಡೆ ಅದು. ಹೊತ್ತು ಮುಳುಗುವ ಮೊದಲು, ಬಿಸಿಲು ಓರೆಯಾಗಿ ಬೀಳುವಾಗ ಅದರೆದುರು ಕಲ್ಲಿನ ಕಟ್ಟೆಯ ಮೇಲೆ ನಿಂತರೆ, ನಿಮ್ಮ ನೆರಳು ಒಳಗಿನದನ್ನೆಲ್ಲ ಹೊತ್ತುಕೊಂಡು ಗೋಡೆಯ ಮೇಲೆ ಬೀಳುತ್ತದೆ. ಎಲುಬುಗಳು ಬೂದಿ ಬಣ್ಣದಲ್ಲಿ, ಗುಂಡಿಗೆ ಕುದಿಯುವ ಬೇಳೆಯ ಹಾಗೆ ಮಿಡುಕುತ್ತ, ಬೆನ್ನುಹುರಿ ಕತ್ತಿನಿಂದ ಸೊಂಟದತನಕ ಹೊಳೆಯುವ ಬಿಳಿಯ ಹಗ್ಗವಾಗಿ. ತಲೆಯೊಳಗೆ ಮಿಂಚುಹುಳುಗಳಂಥವು ಓಡಾಡುತ್ತವೆ. ಸಿಟ್ಟಿಗೆದ್ದವನ ತಲೆಯಲ್ಲಿ ಅವು ಒಂದೇ ಕಡೆ ಗುಂಪುಗೂಡುತ್ತವೆ, ಸುಳ್ಳು ಹೇಳುವವನ ತಲೆಯಲ್ಲಿ ದಿಕ್ಕಾಪಾಲಾಗಿ ಓಡುತ್ತವೆ. ಆದ್ದರಿಂದ ನಮ್ಮಲ್ಲಿ ದನದ ವ್ಯಾಪಾರ, ಮದುವೆಯ ಮಾತುಕತೆ ಎಲ್ಲ ಬೆಳಿಗ್ಗೆಯೇ ಮುಗಿದುಹೋಗುತ್ತವೆ.

ನಾನು ಫಕೀರಪ್ಪ. ಆ ಗೋಡೆಯ ಪಕ್ಕದಲ್ಲೇ ನನ್ನ ಮಿರ್ಚಿ ಭಜಿ ಗಾಡಿ ಇದೆ. ಇದಕ್ಕಿಂತ ಒಳ್ಳೆಯ ಜಾಗ ಊರಲ್ಲಿ ಮತ್ತೊಂದಿಲ್ಲ. ಗೋಡೆ ನೋಡಿ ಸಮಾಧಾನವಾದವನು ಸಂತೋಷಕ್ಕೆ ಭಜಿ ತಿನ್ನುತ್ತಾನೆ, ಎದೆ ಧಸಕ್ಕೆಂದವನು ಧೈರ್ಯಕ್ಕೆ ತಿನ್ನುತ್ತಾನೆ. ಏನೂ ಕಾಣಿಸದವನು, ಏನೂ ಕಾಣಿಸಲಿಲ್ಲವಲ್ಲ ಎಂಬ ಬೇಸರಕ್ಕೆ ತಿನ್ನುತ್ತಾನೆ.

ಗೋಡೆಗೂ ಅದರದೇ ಹಟಗಳಿವೆ. ಅಮಾವಾಸ್ಯೆಗೊಮ್ಮೆ ಅದಕ್ಕೆ ಹೊಸ ಸುಣ್ಣ ಆಗಬೇಕು, ಇಲ್ಲವಾದರೆ ನೆರಳು ಬರೀ ನೆರಳಾಗಿಯೇ ಬೀಳುತ್ತದೆ. ಆ ಸುಣ್ಣವನ್ನೂ ಕುಂಚ ಕೈಯಲ್ಲಿ ಹಿಡಿದು, ಕಾಲ ಮೇಲೆ ನಿಂತು ಬಳಿಯಬೇಕು. ಕುಂಚಕ್ಕೆ ಕೋಲು ಕಟ್ಟಿ ಬಳಿದರೆ, ಕೂತು ಬಳಿದರೆ, ಗೋಡೆ ಮೂಗಿಯಾಗುತ್ತದೆ. ಇದು ಗೋಡೆಯ ಕಟ್ಟಳೆ. ಇನ್ನು ಊರಿನ ಕಟ್ಟಳೆ ಒಂದಿತ್ತು: ಗೋಡೆಯ ಕಡೆಗೆ ಮುಖ ಮಾಡಿ ನಿಲ್ಲಿ, ಇಲ್ಲವೇ ಬೆನ್ನು ಮಾಡಿ ನಿಲ್ಲಿ, ಮಗ್ಗುಲಾಗಿ ಮಾತ್ರ ನಿಲ್ಲಬೇಡಿ.

ಅದರ ಹಿಂದೆ ಒಂದು ಕಥೆಯಿದೆ. ತಿಂದದ್ದನ್ನು ಎಷ್ಟೇ ಅಗಿದು ನುಂಗಿದರೂ ನಮ್ಮ ಗೋಡೆಯ ಮೇಲೆ ಅದು ತಿನ್ನುವ ಮೊದಲು ಇದ್ದ ಹಾಗೆಯೇ ಇಡಿಯಾಗಿ ಕಾಣುತ್ತದೆ. ನೆಟ್ಟಗೆ ನಿಂತರೆ ಒಂದರ ಮೇಲೊಂದು ಬಿದ್ದು ಸ್ವಲ್ಪ ಮುಚ್ಚುಮರೆ ಇರುತ್ತದೆ. ಮಗ್ಗುಲಾದರೆ ಮುಗಿಯಿತು. ಹಿಂದೊಂದು ಶಿವರಾತ್ರಿಯ ದಿನ, ನಿರಾಹಾರ ಉಪವಾಸವಿದ್ದ ಊರಗೌಡರ ಅಜ್ಜ ಯಾರನ್ನೋ ಗದರಿಸಲು ಹಾಗೇ ಮಗ್ಗುಲಿಗೆ ಹೊರಳಿದರಂತೆ. ಹೊಟ್ಟೆಯಲ್ಲಿ ಮಡಚಿಟ್ಟ ಪಂಚೆಗಳ ಹಾಗೆ ಹೋಳಿಗೆಗಳು. ಅಂದಿನಿಂದ ಗೋಡೆಯ ಮುಂದೆ ಮಗ್ಗುಲಾಗುವುದೂ ಒಂದೇ, ನಡುಬೀದಿಯಲ್ಲಿ ಬಟ್ಟೆ ಬಿಚ್ಚುವುದೂ ಒಂದೇ ಎಂದು ಊರು ತೀರ್ಮಾನಿಸಿತು. ಯಾರಾದರೂ ಕಾಲು ಜಾರಿ ಹೊರಳಿದರೆ ನಾವೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದೆವು. ಮಕ್ಕಳಿಗೆ ಅಕ್ಷರ ಕಲಿಸುವ ಮೊದಲು ಇದನ್ನು ಕಲಿಸುತ್ತಿದ್ದೆವು.

ಗೋಡೆಗೆ ಸುಣ್ಣ ಬಳಿಯುವವಳು ಸಾವಂತ್ರವ್ವ. ಅತ್ತೆ ಶಿವಗಂಗವ್ವನ ಮೊಣಕಾಲು ಸೋತ ಮೇಲೆ ಕುಂಚ ಸೊಸೆಯ ಕೈಗೆ ಬಂದಿತ್ತು. ನಲವತ್ತು ದಾಟಿದ ಹೆಂಗಸು, ಕೈ ಉದ್ದ, ನಾಲಿಗೆ ಅದಕ್ಕಿಂತ ಉದ್ದ. ನಕ್ಕರೆ ವಖಾರಿಯ ಪಾರಿವಾಳಗಳು ಹಾರಿಹೋಗುತ್ತಿದ್ದವು. ನನ್ನನ್ನು ಅಣ್ಣಾ ಎಂದು ಕರೆಯುತ್ತಿದ್ದಳು, ಒಡಹುಟ್ಟಿದ ತಂಗಿಯೂ ಹಾಗೆ ಕರೆಯಲಾರಳು. ಅವಳಲ್ಲಿ ಒಂದೇ ದೋಷ: ಏಣಿ ಇಳಿದು, ಏಣಿ ಸರಿಸಿ, ಮತ್ತೆ ಹತ್ತುವುದಕ್ಕೆ ಸೋಮಾರಿತನ. ನಿಂತಲ್ಲಿಂದಲೇ ಮೈ ಚಾಚಿ ಎಟುಕಿದಷ್ಟು ಬಳಿಯುತ್ತಿದ್ದಳು.

"ತಂಗೀ, ಇಳದು ಏಣಿ ಸರಸವ್ವಾ!" ಎಂದು ನಾನು ಗಾಡಿಯಿಂದ ಕೂಗುತ್ತಿದ್ದೆ.

"ಇಳದು ಹತ್ತೂದ್ರಾಗ ನಿನ್ನ ಭಜಿ ಆರತಾವೋ ಅಣ್ಣಾ!"

ಅವತ್ತೂ ಹಾಗೇ ಹೇಳಿದಳು. ಕೊನೆಯ ಮೂಲೆಯೊಂದು ಉಳಿದಿತ್ತು. ಚಾಚಿದಳು, ಮೂಲೆಗೆ ಸುಣ್ಣ ತಾಕಿತು, ಏಣಿ ಜಾರಿತು. ಕಟ್ಟೆಯ ಅಂಚಿಗೆ ಬೆನ್ನು ಬಡಿದು ಬಿದ್ದ ಸದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ನಾನು ಬಾಣಲೆಯನ್ನು ಬೆಂಕಿಯ ಮೇಲೇ ಬಿಟ್ಟು ಓಡಿದೆ. ಅವಳು ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. "ಅಣ್ಣಾ, ನನ್ನ ಕಾಲ ಎಲ್ಲಿ ಅದಾವ ನೋಡು" ಎಂದಳು. ಕಾಲುಗಳು ಇದ್ದಲ್ಲೇ ಇದ್ದವು.

ನಮ್ಮೂರ ಡಾಕ್ಟರು ಮಾಳಗಿಮನಿ. ಇಲ್ಲೇ ಹುಟ್ಟಿ ಬೆಳೆದು, ಹೊರಗೆ ಎಲ್ಲೋ ದೊಡ್ಡ ಕಾಲೇಜಿನಲ್ಲಿ ಓದಿ, ಮತ್ತೆ ಇಲ್ಲಿಗೇ ಬಂದವರು. ಬೆನ್ನು ಅಲುಗದಂತೆ ಅವಳನ್ನು ಬಾಗಿಲ ಹಲಗೆಗೆ ಬಿಗಿದು, ಅವತ್ತೇ ಸಂಜೆ ಹಲಗೆಯನ್ನು ಗೋಡೆಯೆದುರು ಮೆಲ್ಲಗೆ ಎತ್ತಿ ನಿಲ್ಲಿಸಿದರು. ಅವಳೇ ಮಧ್ಯಾಹ್ನ ಬಳಿದ ಸುಣ್ಣ ಇನ್ನೂ ಹಸಿಯಾಗಿತ್ತು. ಅದರ ಮೇಲೆ ಅವಳ ನೆರಳು ಮೂಡಿತು. ಬಿಳಿಯ ಹುರಿ ಕತ್ತಿನಿಂದ ಚೆನ್ನಾಗಿ ಇಳಿದು ಬಂದು, ಬೆನ್ನಿನ ನಡುವಿಗಿಂತ ಕೆಳಗೆ ಒಂದು ಕಪ್ಪು ಕಲೆಯಲ್ಲಿ ಮುಳುಗಿಹೋಗಿತ್ತು. ಕೆಳಗಿನದೆಲ್ಲ ಮಂಕು.

"ಒಳಗ ಬಾವು ಐತಿ. ಬಾವು ಇಳೀಲಿ, ಮುಂದಿನ ಸುಣ್ಣಕ್ಕ ನೋಡೂಣು" ಎಂದರು ಡಾಕ್ಟರು.

ಮುಂದಿನ ಸುಣ್ಣವನ್ನು ಅವಳ ಗಂಡ ಬಸಲಿಂಗ ಬಳಿದ. ಪಾಪ, ಗಾಣದೆತ್ತಿನಂಥ ಮನುಷ್ಯ, ಕಷ್ಟಪಟ್ಟ. ಆದರೆ ಕುಂಚ ಅವನ ಮಾತು ಕೇಳಲಿಲ್ಲ. ಅಲ್ಲಲ್ಲಿ ಗೀರು, ಅಲ್ಲಲ್ಲಿ ಬಿಟ್ಟುಹೋದ ಜಾಗ. ನನ್ನ ನೆರಳಿನಲ್ಲಿ ಒಂದು ಮೂತ್ರಪಿಂಡವೇ ಕಾಣಿಸದೆ ನನಗೆ ಊಟ ಸೇರಲಿಲ್ಲ. ಸಾವಂತ್ರವ್ವನನ್ನು ಮಾತ್ರ ಹುಡುಕಿ ಹುಡುಕಿ ಒಳ್ಳೆಯ ಸುಣ್ಣ ಬಿದ್ದ ಜಾಗದಲ್ಲಿ ನಿಲ್ಲಿಸಿದೆವು. ಕಲೆ ಗಿಡ್ಡಗಾಗಿತ್ತು, ನಿಜ. ಆದರೆ ಹುರಿಯ ಈ ಅಂಚಿನಿಂದ ಆ ಅಂಚಿನವರೆಗೆ ಒಂದು ಎಳೆ ಬೆಳಕೂ ಇರಲಿಲ್ಲ. ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಹುರಿ ಪೂರ್ತಿ ಹೋಗೈತವ್ವಾ. ಇನ್ನ ಕಾಲಿಗೆ ವ್ಯಾಯಾಮ ಅದು ಇದು ಅಂತ ಸುಮ್ನ ನಿನ್ನ ದಣಸೂದು ಬ್ಯಾಡ. ಗಾಲಿ ಕುರ್ಚಿ ಒಂದು ಚಂದಗೆ ಮಾಡಸೂಣು."

"ಹಂಗಾರ ನನ್ನ ಎಡಗಾಲ ಹಿಮ್ಮಡ ಯಾಕ ತುರಸ್ತೈತ್ರೀ?" ಎಂದು ಕೇಳಿದಳು ಸಾವಂತ್ರವ್ವ.

ಡಾಕ್ಟರು ಅವಳ ಕಣ್ಣು ಮುಚ್ಚಿಸಿ ಹಿಮ್ಮಡಿಗೆ ಸೂಜಿ ತಾಗಿಸಿ ನೋಡಿದರು. ಒಮ್ಮೆ ಸರಿಯಾಗಿ ಹೇಳಿದಳು, ಒಮ್ಮೆ ತಪ್ಪಾಗಿ ಹೇಳಿದಳು. ಡಾಕ್ಟರು ಗೋಡೆಯ ಕಡೆ ನೋಡಿದರು, ನಾವೆಲ್ಲರೂ ಗೋಡೆಯ ಕಡೆ ನೋಡಿದೆವು. "ಗ್ವಾಡಿ ಸುಳ್ಳ ಹೇಳೂದಿಲ್ಲ" ಎಂಬುದು ನಮ್ಮೂರ ಗಾದೆ. ಹಿಮ್ಮಡಿ ಸುಳ್ಳು ಹೇಳುತ್ತಿದೆ ಎಂದು ಎಲ್ಲರೂ ಒಪ್ಪಿಕೊಂಡೆವು.

ಮನೆಯಲ್ಲಿ ಶಿವಗಂಗವ್ವನ ದರ್ಬಾರು ಶುರುವಾಯಿತು. ಮೈ ಭಾರವಾದರೆ ಎತ್ತಿ ಇಳಿಸುವುದು ಹೇಗೆ ಎಂದು ಸೊಸೆಗೆ ಗಂಜಿ, ತಿಳಿಸಾರು ಬಿಟ್ಟು ಬೇರೇನೂ ಕೊಡಲಿಲ್ಲ. "ಸೊಸಿ ಬಾಯಿ ಕಟ್ಟ್ಯಾಳ ಅಂದ ಮ್ಯಾಲ ನಾನೂ ಕಟ್ಟೀನಿ. ಎಣ್ಣಿ ವಸ್ತಾ ನಮ್ಮ ಹೊಸ್ತಲಾ ದಾಟೂದಿಲ್ಲ" ಎಂದು ಓಣಿಗೆಲ್ಲ ಸಾರಿದಳು. ನಾನು ಹಿತ್ತಲ ಬಾಗಿಲಿಂದ ಹೋಗಿ, ಸಾವಂತ್ರವ್ವನ ಸೆರಗಿನ ಕೆಳಗೆ ಬಾಳೆಲೆಯ ಪೊಟ್ಟಣ ಇಟ್ಟು ಬರುತ್ತಿದ್ದೆ. ಮೊದಮೊದಲು ಆಸೆಯಿಂದ ತಿನ್ನುತ್ತಿದ್ದಳು. ಆಮೇಲಾಮೇಲೆ ಪೊಟ್ಟಣ ಬಿಚ್ಚದೆ ಹಾಗೇ ಹಿಡಿದುಕೊಂಡು ಕೂತಿರುತ್ತಿದ್ದಳು.

ಸುಣ್ಣ ಹೀಗೇ ಗೀರುಗೀರಾಗಿ ಉಳಿದರೆ ಊರಿನ ಗತಿ ಏನು ಎಂದು ಜನ ಗೊಣಗಲು ಶುರುಮಾಡಿದ್ದರು. ಈಗಿನ ಊರಗೌಡರು, ಆ ಹೋಳಿಗೆ ಅಜ್ಜನ ಮೊಮ್ಮಗ, ಕೆಟ್ಟವರಲ್ಲ. ತಾವೇ ಮನೆಗೆ ಬಂದು, ತಲೆ ತಗ್ಗಿಸಿ, ಬರುವ ಅಮಾವಾಸ್ಯೆಗೆ ಕುಂಚ ಒಪ್ಪಿಸಿಬಿಡವ್ವಾ ಎಂದು ಕೇಳಿ ಹೋದರು. ಕಾಲ ಮೇಲೆ ನಿಲ್ಲಲಾರದವರು ಕುಂಚ ಇಟ್ಟುಕೊಳ್ಳುವಂತಿಲ್ಲ. ಅದು ಅವರು ಮಾಡಿದ ಕಟ್ಟಳೆಯೂ ಅಲ್ಲ, ಗೋಡೆಯದು.

ಅವತ್ತು ನಾನು ಹಿತ್ತಲಿಗೆ ಹೋದಾಗ ಸಾವಂತ್ರವ್ವ ಕುಂಚವನ್ನು ಮಡಿಲಲ್ಲಿಟ್ಟುಕೊಂಡು ಅದರ ನಾರು ಬಿಡಿಸುತ್ತಿದ್ದಳು. "ಕಾಲ ಹೋದ್ರ ಹೋಗ್ಲಿ ಅಣ್ಣಾ, ಕುಂಚಾನೂ ಹೋದ್ರ ನಾ ಯಾರು?" ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಒಂದು ಬಿಸಿ ಭಜಿ ತೆಗೆದು ಕೈಗೆ ಕೊಟ್ಟೆ, ನನಗೆ ಗೊತ್ತಿರುವ ಉತ್ತರ ಅದೊಂದೇ.

ಅಮಾವಾಸ್ಯೆಯ ಸಂಜೆ, ಬಸಲಿಂಗ ಹೇಗೋ ಸುಣ್ಣ ಬಳಿದು ಮುಗಿಸಿದ ಮೇಲೆ, ಊರೆಲ್ಲ ಗೋಡೆಯ ಮುಂದೆ ಸೇರಿತು. ಕುಂಚ ಒಪ್ಪಿಸುವವರು ಕೊನೆಯ ಸಲ ಗೋಡೆಗೆ ಮೈ ತೋರಿಸಿ ಒಪ್ಪಿಸುವುದು ಪದ್ಧತಿ. ಹೊರಡುವ ಮೊದಲು ಸಾವಂತ್ರವ್ವ ತಾನಾಗಿಯೇ ಭಜಿ ಕೇಳಿದ್ದಳು. "ಖಾಲಿ ಹೊಟ್ಟೀಲೆ ಕೊಡಾಕ ಆಗೂದಿಲ್ಲ ಅಣ್ಣಾ" ಎಂದಿದ್ದಳು. ಕೊಟ್ಟಿದ್ದೆ, ಗಬಗಬನೆ ತಿಂದಿದ್ದಳು. ಶಿವಗಂಗವ್ವ ಕುಂಚ ಹಿಡಿದು ಮುಂದೆ ನಡೆದಳು. ಬಸಲಿಂಗ ಗಾಲಿ ಕುರ್ಚಿ ತಳ್ಳಿಕೊಂಡು ಕಟ್ಟೆಯ ಇಳಿಜಾರು ಹತ್ತಿದ.

ಅಷ್ಟರಲ್ಲಿ ಒಂದು ಗಾಲಿ ಕಟ್ಟೆಯ ಕಲ್ಲುಗಳ ಸಂದಿಗೆ ಸಿಕ್ಕಿಕೊಂಡಿತು. ಬಸಲಿಂಗ ಗಾಬರಿಯಾಗಿ ಜೋರಾಗಿ ತಳ್ಳಿದ. ಕುರ್ಚಿ ಗಿರಕ್ಕನೆ ತಿರುಗಿ, ಸಾವಂತ್ರವ್ವ ಪೂರ್ತಿ ಮಗ್ಗುಲಾಗಿಬಿಟ್ಟಳು.

"ಅಯ್ಯಯ್ಯ ಯಪ್ಪಾ!" ಎಂದು ಊರಿಗೆ ಊರೇ ಕಣ್ಣು ಮುಚ್ಚಿತು. ತಾಯಂದಿರು ಮಕ್ಕಳ ಕಣ್ಣು ಮುಚ್ಚಿದರು. ಗೌಡರು ರುಮಾಲನ್ನು ಮುಖದ ಮೇಲೆ ಎಳೆದುಕೊಂಡರು. ಡಾಕ್ಟರು ಕೂಡ ಕಣ್ಣು ಮುಚ್ಚಿದರು, ಎಷ್ಟೆಂದರೂ ಊರಿನ ಮಗ.

ನಾನು ಮುಚ್ಚಲಿಲ್ಲ. ಹೆಚ್ಚುಗಾರಿಕೆಯಿಂದಲ್ಲ, ಹೆದರಿಕೆಯಿಂದ. ನನ್ನ ಭಜಿ ಅವಳ ಹೊಟ್ಟೆಯಲ್ಲಿ ಕಂಡು ಶಿವಗಂಗವ್ವನ ಕೈಗೆ ಸಿಕ್ಕಿಬಿದ್ದರೆ ನನ್ನ ಗಾಡಿ ಉಳಿಯುತ್ತದೆಯೇ? ಕಾಣುತ್ತಿದೆಯೋ ಇಲ್ಲವೋ ಎಂದು ನೋಡಿದೆ. ಕಾಣುತ್ತಿದ್ದವು. ತೊಟ್ಟಿನ ಸಮೇತ ಸಾಲಾಗಿ ಮಲಗಿದ್ದವು. ಅವುಗಳ ಹಿಂದೆ ಬೆನ್ನೆಲುಬು, ಬೆನ್ನೆಲುಬಿನೊಳಗೆ ಹುರಿ, ಹುರಿಯಲ್ಲಿ ಆ ಹಾಳು ಕಲೆ. ಆದರೆ ಕಲೆ ಕೂತದ್ದು ಹುರಿಯ ಹಿಂಬದಿಯಲ್ಲಿ. ಅದರ ಮುಂದೆ, ಹೊಟ್ಟೆಯ ಕಡೆಗೆ, ಸೂಜಿಗೆ ಪೋಣಿಸುವ ದಾರದಷ್ಟು ತೆಳ್ಳಗೆ ಒಂದು ಬಿಳಿ ಎಳೆ ಎಲ್ಲೂ ಕಡಿಯದೆ ಮೇಲಿನಿಂದ ಕೆಳಗೆ ಇಳಿದಿತ್ತು.

"ಐತಿ!" ಎಂದು ಕೂಗಿಬಿಟ್ಟೆ. "ಹುರಿ ಐತಿ! ಒಂದು ಎಳಿ ಉಳದೈತಿ!"

ಅಷ್ಟರಲ್ಲಿ ಬಸಲಿಂಗ ಕುರ್ಚಿ ನೆಟ್ಟಗೆ ಮಾಡಿದ್ದ. ಎಲ್ಲರೂ ಕಣ್ಣು ಬಿಟ್ಟು ಗೋಡೆಯನ್ನು ಬಿಟ್ಟು ನನ್ನನ್ನು ನೋಡಿದರು.

"ನೋಡಿದ್ಯಾ ನೀನು?" ಎಂದರು ಗೌಡರು. "ಮಗ್ಗಲಾಗಿದ್ದ ಹೆಣ್ಣಮಗಳನ್ನ ಕಣ್ಣ ತೆರದು ನೋಡಿದ್ಯಾ? ಮಾನ ಮರ್ಯಾದಿ ಏನಾರ ಐತೇನೋ ಫಕೀರಪ್ಪ?"

"ಮರ್ಯಾದಿ ಆಮ್ಯಾಲ ಬೈರಿ ಗೌಡ್ರ, ಎಳಿ ಐತ್ರೀ! ಹೊಟ್ಟೀ ಕಡೀಗೆ!"

ಡಾಕ್ಟರ ಮುಖ ವಿಚಿತ್ರವಾಯಿತು. ನನ್ನ ಹತ್ತಿರ ಬಂದು ಮೆಲ್ಲಗೆ, "ಖರೇನ ಹೊಟ್ಟೀ ಕಡೀಗೇನು? ಕಲಿ ಹಿಂದ ಇತ್ತೇನು?" ಎಂದು ಕೇಳಿದರು. ಹೌದೆಂದೆ. ಅವರು ತಮ್ಮ ಹಣೆಗೆ ತಾವೇ ಫಟಾರನೆ ಹೊಡೆದುಕೊಂಡರು. "ಅಲ್ಲೋ ಫಕೀರಪ್ಪ, ಕಾಲೇಜಿನ್ಯಾಗ ಇದ್ದಷ್ಟೂ ದಿನ ಬೆನ್ನಿನ ಫೋಟೋ ಮಗ್ಗಲಿಂದನ ನೋಡೀನಿ. ನೆಟ್ಟಗ ನೋಡಿದ್ರ ಹಿಂದಿನ ಕಲಿ ಮುಂದಿನ ಎಳೀನ ಮುಚ್ಚತೈತಿ ಅಂತ ನಾನ ಪರೀಕ್ಷಾದಾಗ ಬರದೀನಿ. ಊರಿಗೆ ಬಂದೆ, ಊರಿನವರಂಗ ಕಣ್ಣ ಮುಚ್ಚಾಕ ಶುರುಮಾಡಿದೆ." ಆಮೇಲೆ ಬಸಲಿಂಗನ ಕಡೆ ತಿರುಗಿ, "ಕುರ್ಚಿ ಹೊಳ್ಳಸು. ಬ್ಯಾರೇದವ್ರು ಕಣ್ಣ ಮುಚ್ಚಿದ್ರ ಮುಚ್ಚಲಿ, ನಾ ಮುಚ್ಚೂದಿಲ್ಲ" ಎಂದರು.

ಬಸಲಿಂಗ ಕುರ್ಚಿ ಹಿಡಿದವನು ತಾಯಿಯ ಮುಖ ನೋಡಿದ. ಶಿವಗಂಗವ್ವ ಕುಂಚವನ್ನು ಕತ್ತಿಯ ಹಾಗೆ ಹಿಡಿದು ನಡುವೆ ನಿಂತುಬಿಟ್ಟಳು.

"ನನ್ನ ಸೊಸೀನ ಊರ ಮುಂದ ಬತ್ತಲ ಮಾಡ್ತೀರೇನು? ಕಾಲ ಹೋದಾಕೀದು ಮಾನಾನೂ ತಗೀತೀರಾ?"

ಬಿಸಿಲು ಗೋಡೆಯ ಬುಡದಿಂದ ಸರಿಯತೊಡಗಿತ್ತು. ಇನ್ನೊಂದು ಬಾಣಲೆ ಭಜಿ ಕರಿಯುವಷ್ಟು ಹೊತ್ತೂ ಉಳಿದಿರಲಿಲ್ಲ. ನಾಳೆ ನೋಡಿದರಾಯಿತು ಎನ್ನುವಂತಿಲ್ಲ. ಕುಂಚ ಇವತ್ತು ಕೈದಾಟಿದರೆ ಮತ್ತೆ ಹಿಂದಕ್ಕೆ ಬರುವುದಿಲ್ಲ.

"ಅತ್ತೀ" ಎಂದಳು ಸಾವಂತ್ರವ್ವ. ಬಿದ್ದ ಮೇಲೆ ಅವಳ ದನಿ ಅಷ್ಟು ಗಟ್ಟಿಯಾಗಿ ಕೇಳಿದ್ದು ಅದೇ ಮೊದಲು. "ನನ್ನ ಹಿಮ್ಮಡ ತುರಸ್ತೈತಿ ಅಂದಾಗ ಯಾರೂ ನಂಬಲಿಲ್ಲ. ನೀನೂ ನಂಬಲಿಲ್ಲ. ಈಗ ಗ್ವಾಡಿ ಹೇಳಾಕತ್ತೈತಿ, ಅದನ್ನೂ ಕೇಳಬ್ಯಾಡ ಅಂತೀಯೇನು? ಬತ್ತಲಾದ್ರ ಆಗ್ಲಿ. ನನ್ನ ಕಾಲ ನನಗ ಬೇಕು."

ಮುದುಕಿ ಯಾರೂ ಎಣಿಸದ ಕೆಲಸ ಮಾಡಿದಳು. ನೋವಿನ ಮೊಣಕಾಲುಗಳ ಮೇಲೆ ಕುಂಟುತ್ತ ಕುರ್ಚಿಯ ಪಕ್ಕಕ್ಕೆ ಹೋದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಗೋಡೆಯ ಮುಂದೆ ನೆಟ್ಟಗೆ ಮಗ್ಗುಲಾಗಿ ನಿಂತಳು.

"ಒಬ್ಬಾಕಿನ ಆಗಬ್ಯಾಡವ್ವಾ" ಎಂದಳು. "ನಾನೂ ಆಗತೀನಿ."

ಜನ ಕಣ್ಣು ಮುಚ್ಚಬೇಕೋ ಬೇಡವೋ ತಿಳಿಯದೆ ಬೆರಳುಗಳ ಸಂದಿಯಿಂದ ನೋಡಿದರು. ಗೋಡೆಯ ಮೇಲೆ ಶಿವಗಂಗವ್ವನ ಗೂನು ಬೆನ್ನು, ಸವೆದ ಮೂಳೆಗಳು, ಮತ್ತು ಹೊಟ್ಟೆಯ ನಟ್ಟನಡುವೆ, ತೊಟ್ಟಿನ ಸಮೇತ, ದಪ್ಪದಪ್ಪ ಮಿರ್ಚಿ ಭಜಿಗಳು.

ಊರೆಲ್ಲ ನನ್ನ ಕಡೆ ತಿರುಗಿತು. ನಾನೇನು ಮಾಡಲಿ? ಹಿತ್ತಲ ಬಾಗಿಲಿಂದ ಸೊಸೆಗೆ, ಮುಂಬಾಗಿಲಿಂದ ಅತ್ತೆಗೆ ಕೊಡುತ್ತಿದ್ದವನು ನಾನೇ. ಒಬ್ಬರ ಗುಟ್ಟನ್ನು ಇನ್ನೊಬ್ಬರಿಗೆ ಹೇಳದೆ ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಆದರೆ ಅವರು ಅದನ್ನು ತಮ್ಮ ಹೊಟ್ಟೆಯಲ್ಲಿಟ್ಟುಕೊಂಡು ಗೋಡೆಗೇ ಬರುತ್ತಾರೆಂದು ಯಾರಿಗೆ ಗೊತ್ತಿತ್ತು?

"ಅತ್ತೀ! ಎಣ್ಣಿ ವಸ್ತಾ ಹೊಸ್ತಲಾ ದಾಟೂದಿಲ್ಲ ಅಂದಿದ್ದಿ!"

"ದಾಟಲಿಲ್ಲಬೇ. ಹೊಸ್ತಲದ ಮ್ಯಾಲ ಕುಂತ ತಿಂದೀನಿ" ಎಂದಳು ಶಿವಗಂಗವ್ವ, ಮುಖ ಒಂದಿಷ್ಟೂ ಬಾಡದೆ.

ಸಾವಂತ್ರವ್ವ ನಕ್ಕಳು. ಬಿದ್ದ ದಿನದಿಂದ ಕೇಳದಿದ್ದ ಆ ನಗು ವಖಾರಿಯ ಚಾವಣಿಗೆ ಬಡಿದು ಪಾರಿವಾಳಗಳನ್ನು ಎಬ್ಬಿಸಿತು. ಅವಳು ನಗುತ್ತಿರುವಾಗಲೇ ಬಸಲಿಂಗ ಕುರ್ಚಿಯನ್ನು ಹೊರಳಿಸಿದ. ಈ ಸಲ ಯಾರೂ ಕಣ್ಣು ಮುಚ್ಚಲಿಲ್ಲ. ಗೋಡೆಯ ಮೇಲೆ ಅವಳ ಪಕ್ಕೆಲುಬುಗಳು ಕುಣಿಯುತ್ತಿದ್ದವು, ಭಜಿಗಳು ಕುಣಿಯುತ್ತಿದ್ದವು, ಅವುಗಳ ಹಿಂದೆ ಆ ಬಿಳಿ ಎಳೆ ನಡುಗುತ್ತ ಹೊಳೆಯುತ್ತಿತ್ತು. ಡಾಕ್ಟರು ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಮುಟ್ಟದೆ, ಬೆರಳಿನಿಂದ ಅದರ ಜಾಡು ಹಿಡಿದು ಮೇಲಿನಿಂದ ಕೆಳಗೆ ಬಂದರು.

"ಐತಿ. ತೆಳ್ಳಗೈತಿ, ಆದ್ರ ಐತಿ" ಎಂದರು. "ಸಾವಂತ್ರವ್ವಾ, ನಿನ್ನ ಹಿಮ್ಮಡ ಖರೇನ ಹೇಳಿತ್ತು. ನಾ ಅದರ ಮಾತ ಕೇಳಬೇಕಿತ್ತು, ತಪ್ಪಾತು. ಏಣಿ ಹತ್ತಸ್ತೀನಿ ಅಂತ ಭಾಷಿ ಕೊಡೂದಿಲ್ಲ. ದಾರಿ ಒಂದೈತಿ, ನಡಸಿ ನೋಡೂಣು."

ಅವಳು ನಿಲ್ಲುವತನಕ ಸುಣ್ಣ ಬಸಲಿಂಗನೇ ಬಳಿಯಲಿ ಎಂದು ಗೌಡರು ಕುಂಚಕ್ಕಾಗಿ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಶಿವಗಂಗವ್ವ ಕುಂಚವನ್ನು ಸೊಸೆಯ ಮಡಿಲಿಗೆ ಹಾಕಿದಳು. ಅಲ್ಲಿಗೆ ಬಿಸಿಲು ಹೋಯಿತು, ನೆರಳು ನೆರಳಾಯಿತು. ಅವತ್ತು ನನ್ನ ಗಾಡಿಯ ಹಿಟ್ಟು ಬಳಿದು ಬರಿದಾಯಿತು.

ಮರುದಿನದಿಂದಲೇ ಕೆಲಸ ಶುರು. ಗೋಡೆಯ ಪಕ್ಕದಲ್ಲಿ, ನನ್ನ ಗಾಡಿಗೆ ಹತ್ತಿಕೊಂಡೇ, ಸೊಂಟದೆತ್ತರಕ್ಕೆ ಜೋಡಿ ಬಿದಿರು ಕಟ್ಟಿದೆವು. ಡಾಕ್ಟರು ಅವಳ ಕಾಲುಗಳನ್ನು ಮಡಚಿ ಬಿಡಿಸಿ, ಮಡಚಿ ಬಿಡಿಸಿ, ಕಾಲಿಗೆ ಮರೆತುಹೋದದ್ದನ್ನು ನೆನಪು ಮಾಡಿಕೊಟ್ಟರು. ಬಸಲಿಂಗ ಸೊಂಟ ಹಿಡಿಯುತ್ತಿದ್ದ. ಶಿವಗಂಗವ್ವ ಕೂತಲ್ಲಿಂದಲೇ ಬೈಯುತ್ತಿದ್ದಳು, ಈಗ ರಾಜಾರೋಷವಾಗಿ ಭಜಿ ತಿನ್ನುತ್ತ. ಎಷ್ಟೋ ದಿನ ಏನೂ ಆಗಲಿಲ್ಲ. ಸಾವಂತ್ರವ್ವ ಸಿಟ್ಟು ಮಾಡಿದಳು, ಅತ್ತಳು, ಡಾಕ್ಟರಿಗೆ ಹೇಳಬಾರದ್ದನ್ನೆಲ್ಲ ಹೇಳಿದಳು. ಅವರು ಕೇಳಿಸದವರ ಹಾಗೆ ಇನ್ನೊಂದು ಕಾಲು ಮಡಚುತ್ತಿದ್ದರು.

ಒಂದು ಮಧ್ಯಾಹ್ನ ಅವಳು ಕುರ್ಚಿಯಲ್ಲಿ ಕೂತು ಮೆಣಸಿನಕಾಯಿ ಸೀಳಿಕೊಡುತ್ತಿದ್ದಳು. ಕಡಲೆಹಿಟ್ಟು ಕಲಸಿದ ಬೋಗುಣಿ ಅವಳ ಕಾಲ ಬಳಿಯೇ ಇತ್ತು. ಇದ್ದಕ್ಕಿದ್ದಂತೆ ಎಡಗಾಲು ಚಿಮ್ಮಿತು, ಬೋಗುಣಿ ಮಗುಚಿತು, ಹಿಟ್ಟೆಲ್ಲ ಮಣ್ಣುಪಾಲು. ನಾನು ಕೂಗಿದ್ದಕ್ಕೆ ಡಾಕ್ಟರು ಓಡಿ ಬಂದರು. ಬಂದವರು ತಣ್ಣೀರೆರಚಿದರು: "ಇಂಥಾ ಕಾಲ ತಮ್ಮಷ್ಟಕ್ಕ ತಾವ ಚಿಮ್ಮತಾವ. ಇಕಿ ಚಿಮ್ಮಿಸಿದ್ಲೋ, ತಾನ ಚಿಮ್ಮಿತೋ, ಹ್ಯಾಂಗ ಹೇಳೂದು?"

"ಇನ್ನೊಂದ ಬೋಗಾಣಿ ಇಡೋ ಅಣ್ಣಾ" ಎಂದಳು ಸಾವಂತ್ರವ್ವ.

ಇನ್ನೊಂದರಲ್ಲಿ ರಾತ್ರಿಯ ವ್ಯಾಪಾರದ ಹಿಟ್ಟು ಇತ್ತು. ಇಟ್ಟೆ. ಅವಳು ತುಟಿ ಕಚ್ಚಿದಳು, ಹಣೆಯ ಮೇಲೆ ಬೆವರು ಒಡೆಯಿತು, ಕತ್ತಿನ ನರ ಉಬ್ಬಿದವು. ಹೆಬ್ಬೆರಳು ಮೆಲ್ಲಗೆ ಮುಂದೆ ಬಂದು ಬೋಗುಣಿಯ ಅಂಚಿಗೆ ತಾಗಿ, ನಿಂತು, ಒತ್ತಿತು. ಬೋಗುಣಿ ಬೇಕೋ ಬೇಡವೋ ಎನ್ನುವ ಹಾಗೆ ವಾಲಿ, ಮಗುಚಿತು. ನನ್ನ ಜೀವಮಾನದಲ್ಲಿ ಹಿಟ್ಟು ಚೆಲ್ಲಿದ್ದಕ್ಕೆ ಅಷ್ಟು ಸಂತೋಷಪಟ್ಟದ್ದಿಲ್ಲ. ಡಾಕ್ಟರು ಹಿಟ್ಟಿನ ನಡುವೆಯೇ ಕೂತುಬಿಟ್ಟರು, ಒಳ್ಳೆಯ ಪ್ಯಾಂಟು ಹಾಕಿಕೊಂಡು. ನಾನು ಅತ್ತುಬಿಟ್ಟೆ. ಹೊಗೆ ಕಣ್ಣಿಗೆ ಹೋಯಿತು ಎಂದೆ, ಒಲೆ ಹಚ್ಚಿಯೇ ಇರಲಿಲ್ಲ.

ಆ ಸಂಜೆ ಊರೆಲ್ಲ ಅವಳನ್ನು ಗೋಡೆಯ ಮುಂದೆ ಮಗ್ಗುಲಾಗಿ ಕೂರಿಸಿತು, ಎಳೆ ಎಷ್ಟು ದಪ್ಪಗಾಗಿದೆ ನೋಡಲು. ಒಂದು ಕೂದಲಿನಷ್ಟೂ ದಪ್ಪಗಾಗಿರಲಿಲ್ಲ. ಕಲೆ ಇದ್ದಲ್ಲೇ ಇತ್ತು, ಎಳೆ ಇದ್ದಷ್ಟೇ ಇತ್ತು. ಜನಕ್ಕೆ ನಿರಾಸೆಯಾಯಿತು. ಡಾಕ್ಟರು ನಕ್ಕರು. "ಓಣಿ ಅಗಲ ಆಗೂದಿಲ್ಲ. ಚಕ್ಕಡಿಗಳು ಒಂದರ ಹಿಂದೊಂದು ಹೋಗೂದನ್ನ ಕಲತಾವ, ಅಷ್ಟ" ಎಂದರು.

ಊರೂ ಒಂದಷ್ಟು ಕಲಿಯಿತು. ಈಗ ಎಲ್ಲರೂ ಮಗ್ಗುಲಾಗಿ ನಿಲ್ಲುತ್ತಾರೆ. ಮೊದಲ ವಾರ ಭಾರಿ ಗಲಾಟೆಯಾಯಿತು. ಯಾರ ಮನೆಯ ಲಾಡು ಯಾರ ಹೊಟ್ಟೆಯಲ್ಲಿದೆ ಎಂದು ಜಗಳ. ಆಮೇಲೆ ಎಲ್ಲರ ಹೊಟ್ಟೆಯಲ್ಲೂ ಏನಾದರೊಂದು ಇರುವುದು ಕಂಡು ಜಗಳವೇ ನಿಂತಿತು. ಗೌಡರು ಸೋಮವಾರದ ಉಪವಾಸವನ್ನು ಬಿಟ್ಟರು. ಆಡುವುದೊಂದು ಮಾಡುವುದೊಂದು ಏಕೆ ಎಂದು, ಈಗ ಅವತ್ತೇ ನನ್ನಲ್ಲಿಗೆ ಬಂದು ಕೂರುತ್ತಾರೆ. ಎಷ್ಟೋ ಜನರ ಹಳೆಯ ಬೆನ್ನುನೋವಿನ ಕಾರಣವೂ ಮಗ್ಗುಲಿಂದ ಸಿಕ್ಕಿತು.

ಬಿದಿರು ಹಿಡಿದು ಸಾವಂತ್ರವ್ವ ನಿಂತದ್ದು ಸೆಕೆಗಾಲದ ಕೊನೆಗೆ. ಬಾಗಿ, ನಡುಗುತ್ತ, ಬಸಲಿಂಗನ ಭುಜಕ್ಕೆ ಜೋತುಬಿದ್ದು ನಿಂತಳು. ಆದರೂ ಅವಳದೇ ಕಾಲುಗಳ ಮೇಲೆ ನಿಂತಳು. ಆ ಅಮಾವಾಸ್ಯೆಗೆ ಗೋಡೆಯ ಉದ್ದಕ್ಕೂ ಒಂದು ಬಿದಿರು ಕಟ್ಟಿಕೊಟ್ಟೆವು. ಒಂದು ಕೈಯಲ್ಲಿ ಅದನ್ನು ಹಿಡಿದು, ಇನ್ನೊಂದು ಕೈಯಲ್ಲಿ ಕುಂಚ ಹಿಡಿದು, ಬೆಳಗಿನಿಂದ ಇಳಿಹೊತ್ತಿನವರೆಗೆ ಗೋಡೆಗೆ ಸುಣ್ಣ ಬಳಿದಳು. ನಡುನಡುವೆ ಕೂತಳು, ಕೂತಾಗ ಬಳಿಯಲಿಲ್ಲ. ಕೈ ಎಟುಕಿದಷ್ಟು ಬಳಿದಳು. ಬಾಗಿ ನಿಂತವಳ ಕೈ ಎಷ್ಟು ಎಟುಕೀತು? ಮೇಲಿನ ಗೋಡೆ ಹಾಗೇ ಉಳಿಯಿತು. "ಮ್ಯಾಲಿಂದ ನಾ ಬಳೀಲೇನು?" ಎಂದು ಬಸಲಿಂಗ ಕೇಳಿದ್ದಕ್ಕೆ ನಾವೆಲ್ಲ ಒಂದೇ ದನಿಯಲ್ಲಿ ಬೇಡವೇ ಬೇಡ ಎಂದೆವು.

ಸಂಜೆ ಗೋಡೆಯ ಮುಂದೆ ನಿಂತು ನೋಡಿದರೆ ಎಲ್ಲರಿಗೂ ಎದೆಯತನಕ ಮಾತ್ರ ಒಳಗಿನದು ಕಾಣುತ್ತಿತ್ತು. ಅದಕ್ಕಿಂತ ಮೇಲೆ ಬರೀ ಕಪ್ಪು ನೆರಳು. ತಲೆಯೊಳಗಿನ ಮಿಂಚುಹುಳುಗಳು ಯಾರಿಗೂ ಕಾಣಿಸಲಿಲ್ಲ. ಊರಿಗೆ ಎಂಥಾ ನೆಮ್ಮದಿ! ಗಂಡ ಹೆಂಡಿರು ಕೈ ಕೈ ಹಿಡಿದು ಸಂಜೆ ಗೋಡೆಯ ಕಡೆ ತಿರುಗಾಡಲು ಬಂದರು. ದನದ ವ್ಯಾಪಾರ ಸಂಜೆಗೂ ನಡೆಯಿತು. ಸಾವಂತ್ರವ್ವನ ಕೈ ಎಟುಕುವಷ್ಟು ಸುಣ್ಣವೇ ಸಾಕು, ಇನ್ನು ಮೇಲೆ ಅದೇ ಕಟ್ಟಳೆ ಎಂದು ಗೌಡರು ಖುಷಿಯಿಂದ ಸಾರಿದರು.

ಆದರೆ ಆ ಹೆಂಗಸು ಸುಮ್ಮನಿರುವವಳೇ? ಮುಂದಿನ ಅಮಾವಾಸ್ಯೆಗೆ ಸುಣ್ಣ ನಮ್ಮ ಹೆಗಲಿಗೆ ಬಂತು. ಅದರ ಮುಂದಿನದಕ್ಕೆ ಕೊರಳಿಗೆ ಬಂತು. ಅಷ್ಟಷ್ಟೇ ಬೆನ್ನು ನೆಟ್ಟಗೆ ಮಾಡಿಕೊಂಡು ನಿಲ್ಲುತ್ತಿದ್ದಾಳೆ. ಏಣಿಯ ಹತ್ತಿರ ಹೋಗಲು ಡಾಕ್ಟರು ಬಿಟ್ಟಿಲ್ಲ. ಬಲಗಾಲು ಇನ್ನೂ ಎಳೆಯುತ್ತದೆ, ಅದು ಹೀಗೇ ಉಳಿದೀತು ಎಂದೂ ಹೇಳಿದ್ದಾರೆ. ಅವಳು ಹೂಂ ಎಂದು ಕೇಳಿ, ಕುಂಚ ಅದ್ದಿಕೊಂಡು ಎಡ ಹಿಮ್ಮಡಿಯನ್ನು ನೆಲದಿಂದ ಎತ್ತುವ ಪ್ರಯತ್ನ ಮಾಡುತ್ತಾಳೆ, ಇನ್ನೊಂದು ಬೆರಳು ಮೇಲೆ ಎಟುಕಲೆಂದು. ಅದೇ ಹಿಮ್ಮಡಿ, ಯಾರೂ ನಂಬದೆ ಹೋದದ್ದು.

"ಚಾಚಬ್ಯಾಡ ತಂಗೀ!" ಎಂದು ನಾನು ಕೂಗುತ್ತೇನೆ.

"ಭಜಿ ಆರತಾವೋ ಅಣ್ಣಾ!" ಎನ್ನುತ್ತಾಳೆ.

ಹೋದ ಅಮಾವಾಸ್ಯೆಗೆ ನನ್ನ ಗದ್ದ ಕಾಣಿಸಿತು. ಇನ್ನು ತಲೆ ಕಾಣಿಸಲು ಬಹಳ ದಿನ ಬೇಕಾಗಿಲ್ಲ. ಅದಕ್ಕೇ ಊರಿನವರೆಲ್ಲ ಈಗಿನಿಂದಲೇ, ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ಒಳ್ಳೊಳ್ಳೆಯದನ್ನು ಯೋಚಿಸುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದೇವೆ.